ಹ್ಯಾಟು ಹಾಕಿದ ಮೇಷ್ಟ್ರು

ಮರಿಬಸಪ್ಪ ಮೇಷ್ಟ್ರು ತಲೆಗೆ ಹ್ಯಾಟು ಇಟ್ಟುಕೊಂಡರೆ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಪೇಟ ಸುತ್ತಿಕೊಂಡು ಜಗಲಿಯ ಮೇಲೆ ಕೂತಿರುವವರೆಗೆ ಅವರೂ ನಮ್ಮ ಹಾಗೆಯೇ ಮನುಷ್ಯ. ಎಲೆಯಡಿಕೆ ಜಗಿಯುವರು, ಕೆಮ್ಮುವರು, ಸೊಪ್ಪು ಮಾರುವವಳ ಹತ್ತಿರ ಕೊಸರಿಗಾಗಿ ಜಗಳ ಆಡುವರು. ಪೇಟ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಪಕ್ಕದ ಮೊಳೆಯಿಂದ ಹ್ಯಾಟು ತೆಗೆದು ತಲೆಗಿಟ್ಟರೋ, ಮುಗಿಯಿತು. ಆಮೇಲೆ ಅವರು ದೊರೆ. ಹಸಿವಾದರೂ, ಹೊಟ್ಟೆ ನೋವು ಬಂದರೂ, ಚೇಳು ಕಡಿದರೂ ಇಂಗ್ಲಿಷಿನಲ್ಲೇ ಹೇಳಬೇಕು. ಕನ್ನಡದಲ್ಲಿ ಬಾಯಿ ಬಿಟ್ಟವನ ಕಡೆ ತಿರುಗಿಯೂ ನೋಡದೆ, ಗೋಡೆಗೆ ಹೇಳುವಂತೆ, "ಸ್ಪೀಕ್ ಇಂಗ್ಲಿಷ್" ಅನ್ನುವರು.

ಆ ಹ್ಯಾಟು ಯಾವನೋ ರೈಲ್ವೆ ಇಂಜಿನಿಯರು ಬಂಗಲೆಯಲ್ಲಿ ಬಿಟ್ಟುಹೋದದ್ದು. ಒಂದು ಕಡೆಯ ಅಂಚನ್ನು ಇಲಿ ತಿಂದಿತ್ತು. ಅದನ್ನು ಹಾಕಿಕೊಂಡು ಕೈ ಮುರಿದ ಕುರ್ಚಿಯಲ್ಲಿ ಕೂತಾಗ ಮೇಷ್ಟ್ರು ಎಷ್ಟು ವಿಚಿತ್ರವಾಗಿ ಕಾಣುತ್ತಿದ್ದರೆಂದು ನೆನೆದರೆ ಈಗ ಬರೆಯುವಾಗ ನಗು ಬರುತ್ತದೆ. ಆಗ ನಗಲು ಧೈರ್ಯವಿದ್ದವನು ಇಡೀ ಚನ್ನಪಟ್ಟಣದಲ್ಲಿ ಒಬ್ಬನೂ ಇರಲಿಲ್ಲ.

ನಾನು ಕುದೂರಿನವನು. ಚನ್ನಪಟ್ಟಣದ ಮಠದಲ್ಲಿ ಉಂಡು, ಮೇಷ್ಟ್ರ ಜಗಲಿಯಲ್ಲಿ ಇಂಗ್ಲಿಷು ಕಲಿತವನು. ಸರ್ಕಾರದ ಗುಮಾಸ್ತೆ ಕೆಲಸ ಸಿಗಬೇಕಾದರೆ ಬರೆಯುವ ಪರೀಕ್ಷೆ ಮುಗಿಸಿ, ಕೊನೆಗೆ ಒಬ್ಬ ದೊರೆಯ ಎದುರು ಕೂತು ಇಂಗ್ಲಿಷಿನಲ್ಲಿ ಮಾತಾಡಬೇಕಾಗಿತ್ತು. ಕೇಳುತ್ತಿದ್ದದ್ದೇನು ಘನವಾದ ವಿಷಯಗಳಲ್ಲ. ಈವತ್ತು ಹವಾ ಹೇಗಿದೆ, ಏನು ಊಟ ಮಾಡಿದೆ, ಹೇಗೆ ಬಂದೆ, ನಿಮ್ಮೂರ ಸಂತೆಯಲ್ಲಿ ಏನೇನು ಸಿಗುತ್ತದೆ, ಮನೆಯಲ್ಲಿ ಯಾರು ಯಾರಿದ್ದಾರೆ. ಬರೆಯುವುದರಲ್ಲಿ ಗೆದ್ದ ಹುಡುಗರು ಈ 'ಏನು ಊಟ ಮಾಡಿದೆ'ಗೆ ಬಂದು ಬೋರಲು ಬೀಳುತ್ತಿದ್ದರು. ಅಂಥವರನ್ನು ಎಬ್ಬಿಸಿ ನಿಲ್ಲಿಸುವುದೇ, ಸ್ಕೂಲಿನ ಕೆಲಸದ ಹೊರಗೆ, ಮೇಷ್ಟ್ರ ಕಸುಬು.

ಅವರ ತತ್ವ ಒಂದೇ. ಒಂದು ಉತ್ತರದ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆ ಹುಟ್ಟಬಾರದು.

"ಏನ್ಲಾ ಕುದೂರು," ಅನ್ನುವರು ನನಗೆ. ನಮ್ಮನ್ನೆಲ್ಲ ಊರಿನ ಹೆಸರು ಹಿಡಿದೇ ಕರೆಯುತ್ತಿದ್ದರು. "ಮುದ್ದೆ ಉಂಡೆ ಅಂತ ಯಾಕ್ಲಾ ಅಂದೆ? ಮುದ್ದೆ ಅಂದ್ರೆ ಏನು ಅಂತಾನೆ ದೊರೆ. ರಾಗಿ ಅಂದ್ರೆ ಏನು ಅಂತಾನೆ. ಬೀಸೋದು ಹೆಂಗೆ, ತೊಳಸೋದು ಹೆಂಗೆ... ನಿನ್ ಕೈಲಾಯ್ತದಾ ಹೇಳಾಕೆ? ಬ್ರೆಡ್ಡು ಅನ್ನು. ಅವ್ನಿಗೆ ಗೊತ್ತಿರೋದು ಅದೇಯ. ಬಾಯ್ ಮುಚ್ಕತಾನೆ."

ನಮ್ಮಲ್ಲಿ ಒಬ್ಬನೂ ಬ್ರೆಡ್ಡನ್ನು ಕಣ್ಣಲ್ಲಿ ಕಂಡವನಲ್ಲ. ಆದರೂ ಮಠದಲ್ಲಿ ಮುದ್ದೆ ನುಂಗಿ ಬಂದು ದಿನವೂ ಬ್ರೆಡ್ಡು ತಿಂದೆವು. ಹವಾ ಯಾವಾಗಲೂ ಹಿತವಾಗಿರಬೇಕು; ತಲೆಯ ಮೇಲೆ ಆಲಿಕಲ್ಲು ಬೀಳುತ್ತಿದ್ದರೂ "ವೆರಿ ಪ್ಲೆಸೆಂಟ್, ಸರ್". ಉತ್ತರ ಬಾರದೆ ನಿಂತವನು ಹೇಳಿಸಿಕೊಳ್ಳದೆ ತಾನೇ ಅಂಗೈ ಚಾಚಬೇಕು. ಹುಣಸೆ ಬರಲು ಕುರ್ಚಿಯ ಪಕ್ಕದಲ್ಲೇ ಇರುತ್ತಿತ್ತು. ಏಟು ಬಿದ್ದ ಮೇಲೆ "ಥ್ಯಾಂಕ್ ಯೂ, ಸರ್" ಅನ್ನಬೇಕು. ಅಬ್ಬಾ, ಆ ಉರಿ!

ಇನ್ನು ಮನೆಮಂದಿಯ ವಿಷಯ. ಅದಕ್ಕೆ ಅವರು ಕಂಡುಕೊಂಡ ಉಪಾಯ ಕೇಳಿ.

"ಸಾಯಿಸ್ಬುಡ್ರಿ ಕಣ್ರಲಾ ನಿಮ್ಮಪ್ಪದೀರ್ನ," ಅಂದರು ಒಂದು ದಿನ, ಪೇಟ ಹಾಕಿಕೊಂಡಿದ್ದಾಗ. "ಅಪ್ಪ ಅವ್ನೆ ಅಂದ್ರೆ ಏನ್ ಕೆಲಸ ಅಂತ ಕೇಳ್ತಾನೆ. ಸತ್ತೋದ ಅನ್ನಿ. ಪಾಪ ಅಂತಾನೆ, ಸಾರಿ ಅಂತಾನೆ, ಮುಂದಕ್ಕೋಯ್ತಾನೆ. ನಾನೂ ಒಂದ್ಸಲ ಕುಂತಿದ್ದೆ ದೊರೆ ಮುಂದೆ. ನಮ್ಮಪ್ಪ ಗಾಣ ಆಡುಸ್ತಾನೆ ಅಂದ್ಬುಟ್ಟೆ. ಗಾಣ ಅಂದ್ರೇನು ಅಂದ. ಎತ್ತು ಸುತ್ತತೈತೆ ಅಂತ ಹೇಳಾಕೆ ಮಾತು ಹುಡುಕ್ತಾ ಅವ್ನಿ, ಅಷ್ಟ್ರಲ್ಲಿ ಗಡಿಯಾರ ನೋಡ್ಬುಟ್ಟ ಕಣ್ಲಾ! ಎದ್ದೋಗು ಅಂದ. ನಮ್ಮಪ್ಪನ ಎತ್ತು ನನ್ನ ಬಾಳು ತುಳಿದಾಕ್ಬುಡ್ತು."

ಅಂದಿನಿಂದ ಜಗಲಿಯ ಮೇಲೆ ನಮ್ಮಪ್ಪಂದಿರು ದಿನವೂ ಸತ್ತರು. "ಮೈ ಫಾದರ್ ಈಸ್ ಡೆಡ್, ಸರ್." ಕುದೂರಿನಲ್ಲಿ ಹೊಲ ಉಳುತ್ತಿದ್ದ ನಮ್ಮಪ್ಪ, ನಮ್ಮ ಜತೆ ಕಲಿಯುತ್ತಿದ್ದ ಗೌಸನ ತಂದೆ, ಬೊಂಬೆಗೆ ಅರಗಿನ ಬಣ್ಣ ಹಾಕುತ್ತಿದ್ದವರು, ಎಲ್ಲರೂ ಹೋದರು. ಅಪ್ಪ ಉಳಿದದ್ದು ಶಿವಲಿಂಗನಿಗೊಬ್ಬನಿಗೆ. ಅವನು ಮೇಷ್ಟ್ರ ಒಬ್ಬನೇ ಮಗ, ನನ್ನದೇ ವಯಸ್ಸು. ಹ್ಯಾಟು ಹಾಕಿದ ಮೇಷ್ಟ್ರಿಗೆ ಅವನ ಗುರುತೂ ಇರುತ್ತಿರಲಿಲ್ಲ. ದಿನವೂ "ವಾಟ್ ಈಸ್ ಯುವರ್ ನೇಮ್?" ಎಂದೇ ಶುರು. ಮನೆಮಂದಿಯ ಪಾಠ ಬಂದಾಗ ಮಾತ್ರ ಅವನನ್ನು ಬಿಟ್ಟು ಮುಂದಿನವನ ಕಡೆ ತಿರುಗುವರು. ಮಗನ ಬಾಯಲ್ಲಿ ಸಾಯಲು ಅವರಿಗೂ ಒಸಿ ಅಂಜಿಕೆ ಇತ್ತು.

ಶಿವಲಿಂಗನ ತಾಯಿ ಗೌರಮ್ಮ ನನಗೆ ಹಿತ್ತಿಲ ಬಾಗಿಲಲ್ಲಿ ರೊಟ್ಟಿ ಕೊಡುತ್ತಿದ್ದರು. "ಕೈ ತೋರ್ಸು ಮಗ," ಎಂದು ಬರೆ ಬಿದ್ದ ಅಂಗೈಗೆ ಬೆಣ್ಣೆ ಸವರಿ, ಆಮೇಲೆ ರೊಟ್ಟಿ ಇಡುವರು. "ನಿಮ್ ಮೇಷ್ಟ್ರು ಕೆಟ್ಟೋರಲ್ಲ. ಆ ಟೋಪಿ ಕೆಟ್ಟದ್ದು," ಅನ್ನುವರು. ಅವರು ಗಂಡನನ್ನು ನಂಬಿದ್ದರು. ನಾನೂ ನಂಬಿದ್ದೆ, ಪ್ಲೇಗು ಬರುವವರೆಗೆ.

ಪ್ಲೇಗು ಬಂದ ವರ್ಷ ಊರೆಲ್ಲ ಮನೆ ಖಾಲಿ ಮಾಡಿ ಹೊರಗಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿತು. ಮೇಷ್ಟ್ರು ಗುಡಿಸಲಿಗೆ ಸ್ವಲ್ಪ ದೂರದ ಹೊಂಗೆ ಮರದಡಿ ಕುರ್ಚಿ ಹಾಕಿಸಿ ಪಾಠ ನಡೆಸಿದರು. ಗೌರಮ್ಮನಿಗೆ ಜ್ವರ ಬಂದು, ತೊಡೆಸಂದಿನಲ್ಲಿ ಗೆಡ್ಡೆ ಎದ್ದಿತ್ತು. ಶಿವಲಿಂಗ ತಾಯಿಯ ಹತ್ತಿರ ಇದ್ದ. ಅವತ್ತು ನಮಗೆ ಪ್ರಯಾಣದ ಪಾಠ. ನಾನು ಎದ್ದು ನಿಂತು ರೈಲಿನಲ್ಲಿ ಬಂದೆ ಎಂದು ಒದರುತ್ತಿದ್ದೆ. ಶಿವಲಿಂಗ ಗುಡಿಸಲಿಂದ ಓಡಿ ಬಂದ.

"ಅಪ್ಪಾ, ಅವ್ವ ಕರೀತಾವ್ಳೆ. ಬಿರ್ನೆ ಬಾ."

ತಲೆಯ ಮೇಲೆ ಹ್ಯಾಟಿತ್ತು. "ಸ್ಪೀಕ್ ಇಂಗ್ಲಿಷ್," ಅಂದರು ಮೇಷ್ಟ್ರು, ಮರದ ಬುಡಕ್ಕೆ.

ಹುಡುಗನಿಗೆ ಹವಾದ ಪಾಠ ಬರುತ್ತಿತ್ತು, ಊಟದ ಪಾಠ ಬರುತ್ತಿತ್ತು. ಅವ್ವ ಸಾಯುತ್ತಿದ್ದಾಳೆ ಅನ್ನುವ ಪಾಠ ಇನ್ನೂ ಆಗಿರಲಿಲ್ಲ. "ಮದರ್... ಮದರ್..." ಅಂದ. ಮುಂದಿನ ಮಾತು ಸಿಗಲಿಲ್ಲ. ಮೇಷ್ಟ್ರು ಕಾದರು. ಶಿವಲಿಂಗ ಗುಡಿಸಲ ಕಡೆ ನೋಡಿದ, ಅಪ್ಪನ ಕಡೆ ನೋಡಿದ. ಬೇಗ ಮುಗಿಯಲಿ ಎಂದೋ ಏನೋ, ಅಂಗೈ ಚಾಚಿದ. ಮೇಷ್ಟ್ರು ಹೊಡೆದರು. "ಥ್ಯಾಂಕ್ ಯೂ, ಸರ್," ಎಂದು ಹೇಳಿ ಅವನು ಹಿಂದಕ್ಕೆ ಓಡಿದ.

ಪಾಠ ಮುಗಿಸಿ, ಹ್ಯಾಟು ತೆಗೆದು, ಮೇಷ್ಟ್ರು ಗುಡಿಸಲಿಗೆ ಹೋಗುವಷ್ಟರಲ್ಲಿ ಗೌರಮ್ಮ ಹೋಗಿದ್ದರು. ಆಗ ಅವರು ಎದೆ ಎದೆ ಬಡಿದುಕೊಂಡು ಅತ್ತರು, ಅಪ್ಪಟ ಕನ್ನಡದಲ್ಲಿ. ಹೆಂಡತಿ ಅಷ್ಟು ಬೇಗ ಹೋಗುತ್ತಾಳೆಂದು ಅವರಿಗೆ ಗೊತ್ತಿರಲಿಲ್ಲ ಎಂದು ಊರವರು ಹೇಳಿದರು. ಗೊತ್ತಿತ್ತು. ನಾನು ಎದುರಿಗೇ ನಿಂತಿದ್ದೆ, ಅವರ ಕಣ್ಣು ಗುಡಿಸಲ ಕಡೆಗೇ ಇತ್ತು. ಒಮ್ಮೆ ಹ್ಯಾಟು ಕೆಳಗಿಳಿಸಿದರೆ ಹುಡುಗರು ಮತ್ತೆ ಹೆದರುವುದಿಲ್ಲ ಎಂದು ಕೂತರು, ಅಷ್ಟೆ.

ಆಮೇಲೆ ಶಿವಲಿಂಗ ಅಪ್ಪನ ಜತೆ ಕನ್ನಡದಲ್ಲಿ ಮಾತು ಬಿಟ್ಟ. ಪೇಟ ಇದ್ದಾಗಲೂ ಬೇಕಾದ್ದನ್ನು ಇಂಗ್ಲಿಷಿನಲ್ಲೇ ಕೇಳುವನು. ಹಗಲೂ ರಾತ್ರಿ ಓದಿದ. "ಈ ಪರೀಕ್ಷೆ ಪಾಸಾದ್ರೆ ಈ ಮನೆ ಹೊಸಲು ದಾಟ್ತೀನಿ ಕಣೋ, ಇಲ್ದಿದ್ರೆ ಅದೇ ಕುರ್ಚಿ ಮುಂದೆ ಸಾಯ್ತೀನಿ," ಎಂದು ನನಗೊಬ್ಬನಿಗೆ ಹೇಳಿದ್ದ.

ಎರಡು ವರ್ಷದ ಮೇಲೆ ಬಾಯಿ ಪರೀಕ್ಷೆ ಬಂತು. ಈಗ ರಾಮನಗರ ಅನ್ನುವ ಊರನ್ನು ಆಗ ಕ್ಲೋಸ್‌ಪೇಟೆ ಅನ್ನುತ್ತಿದ್ದೆವು. ಅಲ್ಲಿನ ಬಂಗಲೆಯಲ್ಲಿ ದೊರೆ ಬಂದು ಇಳಿದಿದ್ದ. ಹೆಸರು ಕೂಗಿ ಒಳಗೆ ಕಳಿಸಲು ಒಬ್ಬ ಸ್ಥಳೀಯ ಮೇಷ್ಟ್ರು ಬೇಕೆಂದರು. ಮರಿಬಸಪ್ಪ ಮೇಷ್ಟ್ರೇ ಪೇಟ ಸುತ್ತಿ, ಕೈಕಟ್ಟಿ ಬಾಗಿಲಲ್ಲಿ ನಿಂತರು. ಈ ಹುಡುಗರಿಗೆ ಸ್ಕೂಲಿನ ಹೊರಗೆ ಪಾಠ ಹೇಳಿಕೊಟ್ಟವರು ತಾವೇ ಎಂಬುದನ್ನು ಬಾಯಿಬಿಡಲಿಲ್ಲ. ಗೊತ್ತಾದರೆ ಸ್ಕೂಲಿನ ಕೆಲಸವೇ ಹೋಗುತ್ತಿತ್ತು.

ನಾನು ಮೊದಲು ಹೋದೆ. ಬ್ರೆಡ್ಡು ತಿಂದೆ, ಹವಾ ಹೊಗಳಿದೆ, ಅಪ್ಪನನ್ನು ಸಾಯಿಸಿದೆ, ಹೊರಗೆ ಬಂದು ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತೆ. ನಮ್ಮಪ್ಪ ಅದಾದ ಮೇಲೂ ಬಹಳ ಕಾಲ ಬದುಕಿದ್ದು ಎರಡೆರಡು ಮುದ್ದೆ ಉಂಡ, ಆ ಮಾತು ಬೇರೆ. ನನ್ನ ಹಿಂದೆ ಹೋದವರೆಲ್ಲರೂ ಒಬ್ಬೊಬ್ಬರಾಗಿ ಅಪ್ಪನನ್ನು ಕಳೆದುಕೊಂಡರು. ಅಷ್ಟು ಬುದ್ಧಿವಂತ ಮೇಷ್ಟ್ರಿಗೆ ಇದು ಹೊಳೆದಿರಲೇ ಇಲ್ಲ ನೋಡಿ: ಒಂದೇ ಬೆಳಗಿನಲ್ಲಿ ಒಂದೇ ಬಾಗಿಲಿಂದ ಬಂದ ಹುಡುಗರೆಲ್ಲ ತಬ್ಬಲಿಗಳಾದರೆ ದೊರೆಯಾದರೂ ಏನೆಂದುಕೊಂಡಾನು? ಒಬ್ಬಿಬ್ಬರಿಗೆ ಸಾರಿ ಅಂದವನು ಆಮೇಲೆ ಅನ್ನುವುದನ್ನು ಬಿಟ್ಟ.

ಗೌಸ್ ಒಳಗೆ ಹೋದ. ಅವನೂ ಹಾಗೇ ಹೇಳಿದ. ಅಷ್ಟರಲ್ಲಿ ಬಂಗಲೆಯ ಮೆಟ್ಟಿಲು ಹತ್ತಿ ಅವನ ತಂದೆಯೇ ಬರಬೇಕೆ! ಕೈಯಲ್ಲಿ ಹೊಸದಾಗಿ ಬಣ್ಣ ಹಾಕಿದ ಕುದುರೆ ಬೊಂಬೆ. ಮೇಷ್ಟ್ರು ತಡೆಯುವ ಮೊದಲೇ ಒಳಗೆ ನುಗ್ಗಿ ಸಲಾಮು ಹೊಡೆದರು.

"ಸಾಹೇಬ್ರೆ, ಇವ ನನ್ನ ಮಗ. ನಿಮ್ಮ ಮಕ್ಕಳಿಗೆ ಅಂತ ನಾನೇ ಕೈಯಾರೆ ಮಾಡಿದ್ದು. ಒಸಿ ನೋಡಿ ಮಾರ್ಕು ಹಾಕಿ."

ದೊರೆಯ ಗುಮಾಸ್ತೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ದೊರೆ ಬೊಂಬೆಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಮೇಜಿನ ಮೇಲಿಟ್ಟ. ಸತ್ತವನು ಬಹಳ ಚೆನ್ನಾಗಿ ಮಾಡಿದ್ದಾನೆ ಎಂದ. ಗೌಸನ ಹೆಸರನ್ನು ಅಲ್ಲೇ ಹೊಡೆದುಹಾಕಿದ. ಏನಾಯಿತೆಂದು ತಿಳಿಯದ ಆ ತಂದೆ ಮತ್ತೊಂದು ಸಲಾಮು ಹೊಡೆದು, ನಗುನಗುತ್ತಾ ಹೊರಗೆ ಬಂದರು.

ಉಳಿದವನು ಶಿವಲಿಂಗ. ಮೇಷ್ಟ್ರು ಅವನ ಹೆಸರು ಕೂಗಿದರು. ದೊರೆ ಹವಾ ಕೇಳಲಿಲ್ಲ, ಊಟ ಕೇಳಲಿಲ್ಲ.

"ನಿನ್ನ ತಂದೆಯೂ ಸತ್ತಿರಬೇಕು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಇದ್ದಾನೆ ಎಂದರೆ ಯಾರು, ಏನು ಕೆಲಸ ಎನ್ನುತ್ತಾನೆ. ಬಾಗಿಲಲ್ಲಿ ನಿಂತವರನ್ನು ತೋರಿಸಬೇಕು. ಈ ಪಾಠವೆಲ್ಲ ಯಾರದೆಂದು ತಿಳಿದು ಮೇಷ್ಟ್ರ ಕೆಲಸ ಹೋಗುತ್ತದೆ. ಸತ್ತ ಎಂದರೆ ಗೌಸನ ಗತಿ. ಶಿವಲಿಂಗ ತಿರುಗಿ ಬಾಗಿಲ ಕಡೆ ನೋಡಿದ. ಮೇಷ್ಟ್ರು ಕಣ್ಣಲ್ಲೇ ಬೇಡುತ್ತಿದ್ದರು.

"ಡೆಡ್, ಸರ್," ಎಂದ.

"ಏನಾಗಿ ಸತ್ತ?"

ಈ ಪ್ರಶ್ನೆಗೆ ಮೇಷ್ಟ್ರು ನಮ್ಮಲ್ಲಿ ಯಾರನ್ನೂ ತಯಾರು ಮಾಡಿರಲಿಲ್ಲ. ಬಾಯಿಪಾಠದ ಉತ್ತರವಿಲ್ಲದೆ ಶಿವಲಿಂಗ ಮಾತಾಡಿದ್ದು ಅದೇ ಮೊದಲು. ಎಂಥ ಇಂಗ್ಲಿಷು ಅದು! ಪ್ಲೇಗು ಎಂದ. ಬಯಲಿನ ಗುಡಿಸಲು, ಹೊಂಗೆ ಮರ, ಜ್ವರ, ನೀರು ನೀರು ಎಂದು ಕನವರಿಸಿದ್ದು, ತನ್ನ ಕೈ ಬಿಡದೆ ಹಿಡಿದುಕೊಂಡಿದ್ದು, ಸಹಾಯಕ್ಕೆ ಓಡಿದ್ದು, ಹಿಂದಿರುಗಿದಾಗ ಕಣ್ಣು ತೆರೆದೇ ಇದ್ದದ್ದು, ಎಲ್ಲವನ್ನೂ ಹೇಳಿದ. ಎಲ್ಲವೂ ನಿಜ, ಸತ್ತವರು ಅವ್ವ ಅನ್ನುವುದೊಂದನ್ನು ಬಿಟ್ಟು.

ದೊರೆಯ ಮುಖ ಬದಲಾಯಿತು. "ನಿನಗೆ ಸಹಾಯಕ್ಕೆ ಯಾರೂ ಇರಲಿಲ್ಲವೆ?"

"ದೇರ್ ವಾಸ್ ಒನ್ ಮ್ಯಾನ್, ಸರ್. ಹಿ ವಾಸ್ ಬಿಜಿ." ಒಬ್ಬನಿದ್ದ, ಅವನಿಗೆ ಬಿಡುವಿರಲಿಲ್ಲ.

ದೊರೆ ಎದ್ದು ನಿಂತು ಕೈಕುಲುಕಿದ. ನಿಜವಾಗಿ ಸಾರಿ ಎಂದ. ಬಾಗಿಲಲ್ಲಿ ಮೇಷ್ಟ್ರು ಗೋಡೆ ಹಿಡಿದುಕೊಂಡಿದ್ದರು.

ಶಿವಲಿಂಗ ಪಾಸಾದ. ಚಿತ್ರದುರ್ಗದ ಕಡೆ ಕೆಲಸ ಸಿಕ್ಕಿತು. ಹೊಸಲು ದಾಟಿದವನು ಮತ್ತೆ ಬರಲಿಲ್ಲ, ಒಂದು ಕಾಗದವನ್ನೂ ಬರೆಯಲಿಲ್ಲ. ನಾನು ಮಾಗಡಿಯ ಕಚೇರಿಗೆ ಸೇರಿದೆ. ಇವತ್ತಿಗೂ ನಾನು ಉಣ್ಣುವ ಅನ್ನ ಮೇಷ್ಟ್ರು ಹಾಕಿದ್ದು. ಅದನ್ನು ನೆನೆಯದ ದಿನವಿಲ್ಲ. ಅವರನ್ನು ಬೈಯದ ದಿನವೂ ಇಲ್ಲ.

ಎಷ್ಟೋ ವರ್ಷದ ಮೇಲೆ ಚನ್ನಪಟ್ಟಣಕ್ಕೆ ಹೋದಾಗ ಅವರನ್ನು ನೋಡಿದೆ. ಜಗಲಿ ಖಾಲಿ. ಕಣ್ಣು ಮಂಜಾಗಿತ್ತು. ಆದರೂ ದನಿಯಲ್ಲೇ ಗುರುತು ಹಿಡಿದರು.

"ಕುದೂರಾ? ಬಾರ್ಲಾ. ಇಂಗ್ಲಿಷ್ ಮಾತಾಡಿ ಭಾಳ ದಿನ ಆಗೋಯ್ತು. ನೀನು ಆ ಹ್ಯಾಟು ಹಾಕ್ಕೊಂಡು ಕುರ್ಚಿ ಮೇಲೆ ಕೂತ್ಕೊ. ನನ್ನ ಕೇಳು."

ನಾನು ಹಾಕಿಕೊಂಡೆ. ಹವಾ ಕೇಳಿದೆ, ಹಿತವಾಗಿದೆ ಎಂದರು. ಊಟ ಕೇಳಿದೆ, ಬ್ರೆಡ್ಡು ಎಂದರು. ಮಕ್ಕಳಿದ್ದಾರೆಯೆ ಎಂದು ಕೇಳಿದೆ.

"ಒನ್ ಸನ್, ಸರ್. ಡೆಡ್."

ಹೇಳಿ, ನಾನು ಸಾರಿ ಅನ್ನುವುದನ್ನು ಕಾಯುತ್ತಾ ಕೂತರು. ನನಗೆ ಗೌರಮ್ಮನ ಬೆಣ್ಣೆಯ ಕೈ ನೆನಪಾಯಿತು.

"ಏನಾಗಿ ಸತ್ತ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಮೇಷ್ಟ್ರ ಬಾಯಿ ಅಲುಗಾಡಿತು. ಇಂಗ್ಲಿಷು ಬರಲಿಲ್ಲ. "ಲೇ ಕುದೂರು... ಅವ್ನ ಏನಾರ ನೋಡಿದ್ಯೇನ್ಲಾ? ಹೆಂಗವ್ನೆ? ಮದ್ವೆ ಗಿದ್ವೆ ಆದ್ನಾ? ಒಂದ್ ಮಾತು ಹೇಳ್ಲಾ, ನಿನ್ ಕಾಲಿಗ್ ಬೀಳ್ತೀನಿ."

ನೋಡಿದ್ದೆ. ಹಿಂದಿನ ತಿಂಗಳಷ್ಟೇ ಬೆಂಗಳೂರಿನಲ್ಲಿ ಶಿವಲಿಂಗ ಸಿಕ್ಕಿದ್ದ. ಮದುವೆಯಾಗಿ, ಮಗಳು ಹುಟ್ಟಿ, ಗೌರಿ ಎಂದು ಹೆಸರಿಟ್ಟಿದ್ದ. ಹೇಳಬೇಡ ಎಂದೇನೂ ಅವನು ಅಂದಿರಲಿಲ್ಲ.

ತಲೆಯ ಮೇಲೆ ಹ್ಯಾಟಿತ್ತು.

"ಸ್ಪೀಕ್ ಇಂಗ್ಲಿಷ್," ಅಂದೆ.

ತಪ್ಪು ಮಾಡಿದೆ ಎಂದು ನನಗೆ ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಮೇಷ್ಟ್ರು ಬಹಳ ಹೊತ್ತು ಮಾತು ಹುಡುಕಿದರು. "ಮೈ ಸನ್... ಮೈ ಸನ್..." ಎಂದು ಅಲ್ಲಿಗೇ ತಡವರಿಸಿದರು. ಆಮೇಲೆ ನಿಧಾನವಾಗಿ ಅಂಗೈ ಚಾಚಿದರು.

ನಾನು ಹೊಡೆಯಲಿಲ್ಲ, ಹಿಡಿಯಲೂ ಇಲ್ಲ. ಹ್ಯಾಟನ್ನು ಮೊಳೆಗೆ ಸಿಕ್ಕಿಸಿ, ಮೆಟ್ಟು ಹಾಕಿಕೊಂಡು ಇಳಿದು ಬಂದೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಮೇಷ್ಟ್ರು ತೀರಿಕೊಂಡರೆಂದು ಕೇಳಿದೆ. ನಾನು ಕಡೆಯದಾಗಿ ಅವರನ್ನು ಕಂಡದ್ದು ಬೀದಿಯ ತಿರುವಿನಿಂದ. ಮಂಜುಗಣ್ಣಿಗೆ ನಾನು ಎದ್ದು ಬಂದದ್ದು ತಿಳಿದಿರಲಿಲ್ಲವೇನೋ, ಖಾಲಿ ಕುರ್ಚಿಯ ಮುಂದೆ ಅವರು ಇನ್ನೂ ಕೈ ಚಾಚಿಕೊಂಡೇ ಕೂತಿದ್ದರು.