ಎರಡು ಡಿಸ್ಕಿನ ಡಬ್ಬಿ ಮತ್ತು ಡಬಲ್ ರುದ್ರಪ್ಪ

ರುದ್ರಪ್ಪಣ್ಣ ಎರಡೂ ಕೈಗೆ ಗಡಿಯಾರ ಕಟ್ಟುತ್ತಿದ್ದ. ಯಾಕೆಂದು ಕೇಳಿದರೆ, "ಒಂದು ನಿಂತ್ರ ಇನ್ನೊಂದು ಇರ್ತೈತಲ್ಲ" ಎಂದು, ಇದೂ ಒಂದು ಕೇಳುವ ಮಾತೇ ಎಂಬಂತೆ ನೋಡುತ್ತಿದ್ದ. ಅಂಗಿಯ ಕಿಸೆಯಲ್ಲಿ ಎರಡು ಪೆನ್ನು, ಸ್ಟುಡಿಯೋದ ಬಾಗಿಲಿಗೆ ಎರಡು ಕೀಲಿ, ಪರಊರಿಗೆ ಹೊರಟರೆ ಎರಡು ಟಾರ್ಚು. ಬಾಗಲಕೋಟೆಯ ನವನಗರದ ಬಜಾರಿನಲ್ಲಿ ಅವನಿಗೆ 'ಡಬಲ್ ರುದ್ರಪ್ಪ' ಎಂದೇ ಹೆಸರು. ಅವನ ಫೋಟೋ ಸ್ಟುಡಿಯೋಕ್ಕೆ ಹತ್ತಿಕೊಂಡೇ ನನ್ನ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇತ್ತು. ಮೊದಮೊದಲು ನಾನೂ ನಕ್ಕವನೇ.

ಈ ಎರಡರ ಹುಚ್ಚು ಹಿಡಿದದ್ದು ಕೆರೂರಿನ ಒಂದು ಮದುವೆಯಲ್ಲಿ. ಆಗಿನ್ನೂ ಹರೆಯದವನು, ಇದ್ದದ್ದು ಒಂದೇ ಕ್ಯಾಮೆರಾ. ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಅದರ ಗುಂಡಿ ಒತ್ತಿದರೆ ಒಳಗೆ ಹೋದದ್ದು ಮೇಲೆ ಬರಲೇ ಇಲ್ಲ. ಹುಡುಗಿಯ ಅಪ್ಪ ಬೈಯಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ಇನ್ನೊಮ್ಮೆ ತಾಳಿ ಕಟ್ಟಸಲೇನಪಾ?" ಎಂದನಂತೆ. "ಬಡದಿದ್ರ ಮರತು ಬಿಡ್ತಿದ್ನೋ ತಮ್ಮಾ" ಎನ್ನುತ್ತಿದ್ದ ರುದ್ರಪ್ಪಣ್ಣ. ಅಂದಿನಿಂದ ಅವನ ಮದುವೆಗಳಿಗೆಲ್ಲ ಎರಡು ಕ್ಯಾಮೆರಾ. ಎರಡನೆಯದು ತಮ್ಮ ಈರಣ್ಣನ ಕೈಯಲ್ಲಿ. ಅಪ್ಪ ತೀರಿಕೊಂಡಾಗ ಈರಣ್ಣ ಇನ್ನೂ ಚಡ್ಡಿ ಹಾಕುವ ಹುಡುಗ. ಅವನನ್ನು ಸಾಕಿ, ಸಾಲಿ ಓದಿಸಿ, ಕೆಲಸ ಕಲಿಸಿದವನು ಅಣ್ಣನೇ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಬಾಗಲಕೋಟೆಗೆ ಬರುತ್ತದೆಂದು ಖಾತ್ರಿಯಾದಾಗ ತಗ್ಗಿನ ಓಣಿಗಳ ಜನ ಮನೆ ಬಿಡುವ ಮುಂಚೆ ರುದ್ರಪ್ಪಣ್ಣನಿಗೆ ಹೇಳಿಕಳಿಸುತ್ತಿದ್ದರು. ಅವನು ಸೈಕಲ್ಲಿನ ಮೇಲೆ ಬರುತ್ತಿದ್ದ. ಮನೆಮಂದಿಯನ್ನೆಲ್ಲ ಹೊಸ್ತಿಲ ಮೇಲೆ ಕೂರಿಸುತ್ತಿದ್ದ, ಕೊಟ್ಟಿಗೆಯಲ್ಲಿ ಎಮ್ಮೆ ಇದ್ದರೆ ಅದನ್ನೂ ಹೊರಗೆ ಕರೆತರಿಸುತ್ತಿದ್ದ. ಒಂದು ವಿಷಯದಲ್ಲಿ ಮಾತ್ರ ಹಟ. "ಬಾಗಲಾ ತೆರೀರಿ. ಮುಚ್ಚಿದ ಬಾಗಲದ ಫೋಟೋ ನಾ ತೆಗಿಯಂಗಿಲ್ಲ" ಎಂದು ನಿಂತುಬಿಡುತ್ತಿದ್ದ. ಎಷ್ಟೋ ಮನೆಗಳಲ್ಲಿ ಸಾಮಾನು ಆಗಲೇ ಸಾಗಿಸಿ, ಬೀಗ ಹಾಕಿ ಆಗಿರುತ್ತಿತ್ತು. ಇವನ ಮಾತಿಗೆ ಮತ್ತೆ ಬೀಗ ತೆಗೆಯುವಾಗ ಹೆಂಗಸರು ಅಳುತ್ತಿದ್ದರು. ಅಳು ನಿಲ್ಲುವ ತನಕ ಕಾದು, ಎರಡೆರಡು ಸಲ ಕ್ಲಿಕ್ ಮಾಡುತ್ತಿದ್ದ.

ಊರು ಎದ್ದು ನವನಗರಕ್ಕೆ ಬರುವಾಗ ಅವನ ನೆಗೆಟಿವ್‌ಗಳ ಟ್ರಂಕುಗಳಿಗೆ ನೀರು ತಾಕಿತು. ಒಣಗಿಸಿದರೂ ಒಂದಕ್ಕೊಂದು ಅಂಟಿಕೊಂಡವು, ಬೂಷ್ಟು ಹಿಡಿಯಿತು. ಬಿಡಿಸಲು ಹೋದರೆ ಚಿತ್ರವೇ ಸುಲಿದು ಬರುತ್ತಿತ್ತು. ರುದ್ರಪ್ಪಣ್ಣ ಸ್ಕ್ಯಾನರ್ ತಂದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದೊಂದೇ ನೆಗೆಟಿವ್ ಬಿಡಿಸಿ, ಪೂರ್ತಿ ಹಾಳಾಗುವ ಮೊದಲೇ ಕಂಪ್ಯೂಟರಿಗೆ ಇಳಿಸುವುದು ಅವನ ದಿನಚರಿಯಾಯಿತು. ಇಳಿಸಿದ್ದನ್ನು ಸಿಡಿಗೆ ಹಾಕುತ್ತಿದ್ದ, ಎಂದಿನಂತೆ ಎರಡೆರಡು. ಆದರೆ ಅಗ್ಗದ ಸಿಡಿಗಳು ವರ್ಷ ತುಂಬುವುದರೊಳಗೆ ಕೈಕೊಡತೊಡಗಿದವು.

ಆ ಫೋಟೋಗಳಿಗಾಗಿ ಬರುತ್ತಿದ್ದವರಲ್ಲಿ ಗಂಗವ್ವನನ್ನು ನಾನು ಮರೆಯಲಾರೆ. ಹಳೇ ಊರು ಬಿಟ್ಟ ವರ್ಷವೇ ಗಂಡ ಸತ್ತಿದ್ದ. ಹೊಸ್ತಿಲ ಮೇಲೆ ಪಟಗಾ ಸುತ್ತಿಕೊಂಡು ಕೂತ ಆ ಒಂದು ಚಿತ್ರ ಬಿಟ್ಟರೆ ಅವನದು ಬೇರೆ ಫೋಟೋ ಇರಲಿಲ್ಲ. ಮನೆಯಲ್ಲಿದ್ದ ಪ್ರಿಂಟು ಗೆದ್ದಲ ಪಾಲಾಗಿತ್ತು. ಇನ್ನೊಂದು ಪ್ರಿಂಟು ತೆಗೆದುಕೊಡುತ್ತೇನೆಂದರೆ ಒಲ್ಲಳು. "ಮನ್ಯಾಗ ಇಟ್ರ ಮತ್ತ ಹುಳಾ ತಿಂತಾವು. ನಿನ್ನ ಹತ್ರನ ಇರಲಿ" ಎನ್ನುತ್ತಿದ್ದಳು. ಸಂತೆಗೆ ಬಂದಾಗಲೆಲ್ಲ ಚೀಲ ಕೆಳಗಿಟ್ಟು, "ಮನಿ ತೋರಸಪಾ" ಎಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅವನು ಪರದೆಯ ಮೇಲೆ ಆ ಚಿತ್ರ ತೆರೆಯುತ್ತಿದ್ದ. ಸ್ವಲ್ಪ ಹೊತ್ತು ನೋಡಿ, ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದಳು.

ಇದನ್ನೆಲ್ಲ ಎಲ್ಲಿ ಭದ್ರವಾಗಿಡುವುದು ಎಂಬ ಚಿಂತೆಯಲ್ಲಿದ್ದಾಗ ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯ ಮನುಷ್ಯ ಕೆಲವು ಡಬ್ಬಿಗಳನ್ನು ಹೊತ್ತುಕೊಂಡು ಬಂದ. ಒಳಗೆ ಹಾರ್ಡ್‌ಡಿಸ್ಕ್ ಇರುವ ಸಣ್ಣ ಪೆಟ್ಟಿಗೆ. ವೈರು ಎಳೆದರೆ ಸ್ಟುಡಿಯೋದ ಎರಡೂ ಕಂಪ್ಯೂಟರುಗಳಿಂದ ಅದರಲ್ಲಿ ಇಡಬಹುದು, ತೆಗೆಯಬಹುದು. ರುದ್ರಪ್ಪಣ್ಣ ಅವನ್ನು ಆರಿಸಿದ ರೀತಿ ಮನೆಗೆ ಎತ್ತು ತರುವವನದು. ಪ್ರತಿಯೊಂದನ್ನೂ ತಾಸುಗಟ್ಟಲೆ ಓಡಿಸಿ ಮೇಲೆ ಅಂಗೈ ಇಟ್ಟ. ಕಿವಿ ಹಚ್ಚಿ ಫ್ಯಾನಿನ ಸಪ್ಪಳ ಕೇಳಿದ. ಕರೆಂಟ್ ಹೋದಾಗ ಏನಾಗುತ್ತದೆ, ನಮ್ಮ ಧೂಳಿಗೆ ತಡೆಯುತ್ತದೋ ಇಲ್ಲವೋ ಎಂದು ಹಿಂಡಿ ಹಿಂಡಿ ಕೇಳಿದ. ಒಂದೇ ಡಿಸ್ಕಿನದನ್ನು ಅವನು ಮುಟ್ಟಲೂ ಇಲ್ಲ. ಕೊನೆಗೆ ಎರಡು ಡಿಸ್ಕಿನ ಒಂದು ಪುಟ್ಟ ಡಬ್ಬಿಯ ಮೇಲೆ ಮನಸ್ಸು ನಿಂತಿತು.

ಅದನ್ನು ಎರಡು ರೀತಿ ನಡೆಸಬಹುದು ಎಂದ ಆ ಮನುಷ್ಯ. ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಬರುವಂತೆ ಇಡಬಹುದು. ಇಲ್ಲವೇ ಎರಡನ್ನೂ ಕೂಡಿಸಿ ಒಂದೇ ದೊಡ್ಡ ಡಿಸ್ಕಿನಂತೆ ಮಾಡಬಹುದು. ಆಗ ಜಾಗ ದುಪ್ಪಟ್ಟು, ಆದರೆ ಪ್ರತಿಯೊಂದು ಚಿತ್ರವೂ ಅರ್ಧ ಇಲ್ಲಿ, ಅರ್ಧ ಅಲ್ಲಿ ಇರುತ್ತದೆ, ಒಂದು ಹೋದರೆ ಎಲ್ಲವೂ ಹೋಯಿತು.

ಮದುವೆ ವಿಡಿಯೋ ಮಾಡುತ್ತಿದ್ದ ಈರಣ್ಣನಿಗೆ ಜಾಗ ಬೇಕಿತ್ತು. "ಕೂಡಸೂಣು ಅಣ್ಣಾ. ಇಲ್ಲಾಂದ್ರ ಅರ್ಧಾ ಜಾಗಾ ಸುಮ್ನ ಹಾಳಾಗ್ತೈತಿ."

"ಹಾಳಲ್ಲೋ, ಅದು ಕಾವಲು" ಎಂದ ರುದ್ರಪ್ಪಣ್ಣ. "ಎರಡರಾಗೂ ಅದ ಬರಬೇಕು. ಮುಗೀತು."

ಮುಗಿಯಲಿಲ್ಲ. ವಾರ ಬಿಟ್ಟು ಹುಬ್ಬಳ್ಳಿಗೆ ಹೋಗಿ ಡಬ್ಬಿ ತಂದವನು ಈರಣ್ಣ. "ನೀ ಹೇಳಿದಾಂಗ ಎರಡು ಡಿಸ್ಕ್ ಹಾಕಿಸ್ಕೊಂಡು ಬಂದೇನಿ ನೋಡಣ್ಣಾ" ಎಂದ. ಅದು ಸುಳ್ಳಲ್ಲ. ಆದರೆ ಅಂಗಡಿಯವನಿಗೆ ಹೇಳಿ ಎರಡನ್ನೂ ಕೂಡಿಸಿ ತಂದಿದ್ದ, ಅದನ್ನು ಮಾತ್ರ ಬಾಯಿ ಬಿಡಲಿಲ್ಲ. ನಮಗೆ ಅದು ತಿಳಿದದ್ದು ಎಲ್ಲ ಮುಗಿದ ಮೇಲೆ. ರುದ್ರಪ್ಪಣ್ಣನಂತೂ ಡಬ್ಬಿಯನ್ನು ಗಲ್ಲೆಯ ಮೇಲಿನ ಹಲಗೆಯ ಮೇಲಿಟ್ಟು, ಅದರ ಎರಡು ಹಸಿರು ದೀಪಗಳನ್ನು ಬಂದವರಿಗೆಲ್ಲ ತೋರಿಸುತ್ತಿದ್ದ: "ನೋಡ್ರಿ, ಇಬ್ರೂ ಎಚ್ಚರ ಅದಾರ." ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅದಕ್ಕೇ ಸಾಗಿಸಿ, ಸಿಡಿಗೆ ಹಾಕುವುದನ್ನು ಅಂದೇ ನಿಲ್ಲಿಸಿದ. ಅಂಟಿಕೊಂಡ ನೆಗೆಟಿವ್‌ಗಳು ಸ್ಕ್ಯಾನ್ ಆದದ್ದೇ ಸುಲಿದು ಕಸದ ಬುಟ್ಟಿಗೆ ಹೋದವು.

ಮುಂದೆ ಅಣ್ಣತಮ್ಮಂದಿರಿಗೆ ಹೊಂದಲಿಲ್ಲ. ಈರಣ್ಣನಿಗೆ ಬೇರೆ ಸ್ಟುಡಿಯೋ ಹಾಕಬೇಕಾಗಿತ್ತು. ನಮ್ಮ ಕಡೆ ವಾಟ್ನಿಯೆಂದರೆ ಹಿರಿಯರು ಕುಳಿತು ಪಾಲು ಮಾಡಬೇಕು, ಚಮಚೆಯಿಂದ ಹಿಡಿದು ಎಲ್ಲವೂ ಸರಿಸಮ ಆಗಬೇಕು. ಸ್ಟುಡಿಯೋದಲ್ಲೇ ಜಮಖಾನೆ ಹಾಸಿದ್ದರು. ನೆರೆಯವನೆಂದು ನನ್ನನ್ನೂ ಕರೆದಿದ್ದರು. ಕ್ಯಾಮೆರಾ ಇವನಿಗೊಂದು ಅವನಿಗೊಂದು, ಕಂಪ್ಯೂಟರ್ ಹಾಗೆಯೇ, ದೀಪದ ಸ್ಟ್ಯಾಂಡುಗಳು ಹಾಗೆಯೇ. ಎಲ್ಲ ಸಾಮಾನೂ ಜೋಡಿ ಜೋಡಿ ಇದ್ದದ್ದನ್ನು ಕಂಡು ಹಿರಿಯರೊಬ್ಬರು, "ಇಂಥಾ ಸಸಾರದ ವಾಟ್ನಿ ನಾ ನೋಡಿಲ್ಲಪಾ" ಎಂದು ನಕ್ಕರು. ಆಮೇಲೆ ಹಲಗೆಯ ಮೇಲಿನ ಡಬ್ಬಿ ಕಂಡಿತು. "ಇದೊಂದ ಐತಲ್ಲ. ಹೆಂಗ ಮಾಡೂಣು?"

ಆಗಿನ ರುದ್ರಪ್ಪಣ್ಣನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಡೀ ದಿನದಲ್ಲಿ ಅವನು ನಕ್ಕದ್ದು ಅದೊಂದೇ ಸಲ. "ಒಳಗ ಎರಡು ಅದಾವರಿ. ಇದರಾಗ ಇದ್ದದ್ದ ಅದರಾಗೂ ಐತಿ. ಅಂವಗೊಂದು ಕೊಡ್ರಿ, ನನಗೊಂದು ಕೊಡ್ರಿ. ಯಾರಿಗೂ ಕಡಿಮಿ ಇಲ್ಲ" ಎಂದವನೇ ಎದ್ದು ಹೋಗಿ ತಾನೇ ತಿರುಪುಳಿ ತಂದ. ತಾನೇ ಬಿಚ್ಚಿದ. ಒಂದು ಡಿಸ್ಕನ್ನು ತಮ್ಮನ ಅಂಗೈಯಲ್ಲಿಟ್ಟ. ಈರಣ್ಣ ಜಮಖಾನೆಯ ಗೀಟುಗಳನ್ನು ನೋಡುತ್ತ ಕುಳಿತಿದ್ದ. ತನ್ನ ವಿಡಿಯೋಗಳನ್ನೆಲ್ಲ ಅವನು ಹಿಂದಿನ ವಾರವೇ ಬೇರೆ ಕಡೆ ಇಳಿಸಿಕೊಂಡಿದ್ದ. ಒಂದು ಮಾತು ಆಡಲಿಲ್ಲ.

ಖಾಲಿ ಡಬ್ಬಿ ತಮ್ಮನಿಗೆ ಹೋದದ್ದರಿಂದ, ಹೊಸದು ಬರುವ ತನಕ ಇರಲೆಂದು ರುದ್ರಪ್ಪಣ್ಣ ತನ್ನ ಡಿಸ್ಕನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟಿದ್ದ. ತಿಂಗಳು ಕಳೆದು ಹೊಸ ಡಬ್ಬಿಗೆ ಹಚ್ಚಿ ನೋಡಿದರೆ ಏನೂ ಕಾಣಿಸಲೊಲ್ಲದು. ಹುಬ್ಬಳ್ಳಿಯವನಿಗೆ ಫೋನು ಮಾಡಿದಾಗ ಎಲ್ಲ ಹೊರಬಿತ್ತು. ಎರಡನ್ನೂ ಮತ್ತೆ ಅದೇ ಡಬ್ಬಿಯಲ್ಲಿ ಸೇರಿಸಿದರೆ ಇನ್ನೂ ಸಿಗಬಹುದು ಎಂದ. ಇಬ್ಬರೂ ಈರಣ್ಣನ ಹೊಸ ಅಂಗಡಿಗೆ ಓಡಿದೆವು. ಅವನು ತನ್ನ ಪಾಲಿನ ಡಿಸ್ಕನ್ನು ಅಳಿಸಿ, ಅದರ ತುಂಬ ಯಾರದೋ ಮದುವೆ ತುಂಬಿಸಿಯಾಗಿತ್ತು. ಸಿಟ್ಟು ತಡೆಯದೆ, ಅಂದು ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. "ಹಿರ್‍ಯಾರ ಮುಂದ ಮಾನಾ ಹೋಗ್ತಿತ್ತಲ್ಲೋ" ಎಂದ. ನಮಗೆ ಚಹಾ ಹೇಳಿದ. ನಾನು ಕುಡಿಯಲಿಲ್ಲ. ರುದ್ರಪ್ಪಣ್ಣ ಕುಡಿದ.

ಫೋಟೋ ಕೇಳಿ ಬಂದವರಿಗೆಲ್ಲ ಅವನು ತಮ್ಮನ ಹೆಸರು ಎತ್ತದೆ, "ನನ್ನ ಕೈಲೇ ಹೋತರಿ" ಎನ್ನುತ್ತಿದ್ದ. ಕೆಲವರು ಉಗಿದಂತೆ ಮಾತಾಡಿ ಹೋದರು. ಅದೇ ಬಜಾರಿನಲ್ಲಿ ಈರಣ್ಣನ ಸ್ಟುಡಿಯೋ ಝಗಝಗ ನಡೆದಿತ್ತು, ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಒಂದು ಸಂತೆಯ ದಿನ ಗಂಗವ್ವ ಬಂದಳು. ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತು, "ಮನಿ ತೋರಸಪಾ" ಎಂದಳು.

"ಇಲ್ಲವ್ವಾ. ಕಳದು ಹೋತು. ನನ್ನ ಕೈಲೇ ಹೋತು."

ಮುದುಕಿಗೆ ಅದು ತಿಳಿಯಲಿಲ್ಲ. ಕತ್ತಲಾಗಿದ್ದ ಪರದೆ ನೋಡಿ, "ಕರೆಂಟ್ ಇಲ್ಲೇನು? ಇರಲಿ ತಗೋ, ಬರೂತನಾ ಕುಂದರ್ತೇನಿ" ಎಂದು ಅಲ್ಲೇ ಕುಳಿತಳು.

ರುದ್ರಪ್ಪಣ್ಣ ಎದ್ದು ನನ್ನ ಅಂಗಡಿಗೆ ಬಂದು ಗೋಡೆ ಹಿಡಿದು ನಿಂತ. ಮುಂದಿನ ವಾರವೇ ಅವನ ಎದೆ ನಿಂತುಹೋಯಿತು, ಹಾಗಾಗಿ ಈ ಬಗ್ಗೆ ಅವನೊಡನೆ ನಾನು ಆಡಿದ ಕೊನೆಯ ಮಾತು ಅಂದಿನದೇ. "ಎಲ್ಲಾರ ಕಡಿಂದ ಯಾಕ ಬೈಸ್ಕೊಳ್ಳಾಕತ್ತಿ ಅಣ್ಣಾ? ಈರಣ್ಣ ಮಾಡ್ಯಾನಂತ ಹೇಳಬಾರದ?" ಎಂದೆ.

ಅವನು ಗಂಗವ್ವ ಕುಳಿತಿದ್ದ ಕಡೆಗೊಮ್ಮೆ ನೋಡಿದ. ಆಮೇಲೆ ಹೇಳಿದ:

"ಅಂವಾ ಅವತ್ತು 'ಇದನ್ನ ಒಡಿಬ್ಯಾಡ ಅಣ್ಣಾ' ಅಂತ ಒಂದ ಮಾತು ಅಂದಿದ್ರ ಸಾಕಿತ್ತೋ ತಮ್ಮಾ. ಇಡೀ ಡಬ್ಬಿ ಅವಗ ಕೊಟ್ಟುಬಿಡ್ತಿದ್ನಿ. ಈಕಿನ ಕೈ ಹಿಡಕೊಂಡು ಅವನ ಅಂಗಡಿಗೆ ಕರಕೊಂಡು ಹೋಗಿ ಗಂಡನ್ನ ತೋರಿಸಿಕೊಂಡು ಬರ್ತಿದ್ನಿ."