ರಿವರ್ಸಕ್ಕನ ಕೊಳ್ಳದ ಟ್ರಿಪ್ಪು

ವಿಮಾನ ನಿಲ್ದಾಣದ ಹೊರಗೆ ಗಾಡಿ ನಿಲ್ಲಿಸಿಕೊಂಡು ಕಾಯುವ ಡ್ರೈವರುಗಳಲ್ಲಿ ಅವಳೊಬ್ಬಳೇ ಹೆಂಗಸು. ಅವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ರಿವರ್ಸಕ್ಕ ಅಂತ. ಎಂಥ ಇಕ್ಕಟ್ಟಿನಲ್ಲೂ ಎರಡು ಬಸ್ಸುಗಳ ಸಂದಿಗೆ ವ್ಯಾನನ್ನು ಹಿಮ್ಮುಖವಾಗಿ ತೂರಿಸಿ ನಿಲ್ಲಿಸಿಬಿಡುತ್ತಿದ್ದಳು. ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ, "ಬೀದಿ ನಲ್ಲಿ ಹತ್ರ" ಅನ್ನುವಳು. ಅದು ತಮಾಷೆಯ ಮಾತಲ್ಲ. ಗಂಡ ಇದೇ ವ್ಯಾನು ಓಡಿಸುತ್ತಿದ್ದ ಕಾಲದಲ್ಲಿ ದಿನಾ ಸಂಜೆ ಅದನ್ನು ತೊಳೆಯುವುದು ಅವಳ ಪಾಲಿನ ಕೆಲಸವಾಗಿತ್ತು. ಪ್ರವಾಸಿಗರ ಮಕ್ಕಳು ವಾಂತಿ ಮಾಡಿದ ಸೀಟು, ಚೆಲ್ಲಿದ ಹಣ್ಣಿನ ರಸ, ಕಾಲಡಿಯ ಮ್ಯಾಟಿನ ಮಣ್ಣು. ನಲ್ಲಿ ಇದ್ದದ್ದು ಓಣಿಯ ತುದಿಯಲ್ಲಿ. ದಣಿದು ಬಂದವನು ಮತ್ತೆ ಸ್ಟೇರಿಂಗ್ ಹಿಡಿಯಲು ಒಪ್ಪದೆ ನಲ್ಲಿಯವರೆಗೆ ಹಿಂದಕ್ಕೆ ಹೋಗುವುದನ್ನು, ಅಲ್ಲಿಂದ ಬಾಗಿಲಿಗೆ ಮುಂದಕ್ಕೆ ಬರುವುದನ್ನು ಅವಳಿಗೆ ಕಲಿಸಿದ. ಓಣಿಯಿಂದ ಆಚೆಗಿನದನ್ನು ಅವಳು ಕಲಿತದ್ದು ಅವನು ಸತ್ತ ಮೇಲೆ.

ಅವಳದು ಕೊಳ್ಳದ ರೂಟು. ಒಂದು ವಿಮಾನದಿಂದ ಇಳಿದು ಇನ್ನೊಂದು ಹತ್ತುವ ನಡುವೆ ಇಡೀ ಹಗಲು ಬಿಡುವಿರುವವರು ಕೊಳ್ಳ ನೋಡಿಬರಲು ಹೊರಡುತ್ತಾರೆ. ಬೆಳಿಗ್ಗೆ ಕರೆದೊಯ್ದು ಸಂಜೆಯೊಳಗೆ ತಂದು ಬಿಡಬೇಕು. ಅವರ ಪೆಟ್ಟಿಗೆಗಳೆಲ್ಲ ಗಾಡಿಯಲ್ಲೇ ಇರುವುದರಿಂದ ಡ್ರೈವರ್ ಗಾಡಿ ಬಿಟ್ಟು ಕದಲಬಾರದೆಂದು ಟ್ರಿಪ್ಪು ಹಂಚುವ ಸೂಪರ್‌ವೈಸರನ ಕಟ್ಟಪ್ಪಣೆ. ಹಾಗಾಗಿ ಇಷ್ಟು ವರ್ಷ ದಿನವೂ ಹೋಗಿಬಂದರೂ ರಿವರ್ಸಕ್ಕ ಕೊಳ್ಳವನ್ನು ಕಂಡವಳೇ ಅಲ್ಲ. ಅವಳು ಕಂಡದ್ದು ಪಾರ್ಕಿಂಗ್ ಜಾಗ, ಅದರ ತಂತಿಬೇಲಿ, ಬೇಲಿಯಾಚೆ ಜನ ಇಳಿದು ಮರೆಯಾಗುವ ಮೆಟ್ಟಿಲು. ಹೋಗುವಾಗ ಯಾರಾದರೂ "ಹೇಗಿದೆ ಕೊಳ್ಳ?" ಎಂದು ಕೇಳಿದರೆ, ಹಿಂದಿನ ದಿನ ಮರಳುತ್ತಿದ್ದವರು ಆಡಿಕೊಂಡ ಮಾತನ್ನೇ ದಾಟಿಸುವಳು. "ಮೊದಲ ಸಲ ನೋಡ್ದಾಗ ಬಾಯಿ ಕಟ್ಟಿಹೋಗುತ್ತೆ ಮೇಡಂ. ಬಂಡೆಗಳು ಒಳ್ಳೆ ಬೆಂಕಿ ಹಚ್ಚಿದ ಹಾಗೆ." ಮರಳುವಾಗ ಅವರೂ ಅದನ್ನೇ ಹೇಳುತ್ತಿದ್ದರು. ಸರಿಯಾಗಿಯೇ ಹೇಳಿದ್ದೆ ಅಂದುಕೊಳ್ಳುವಳು.

ಆ ದಿನ ಬರಬೇಕಿದ್ದವಳು ಅವಳ ಸ್ವಂತ ತಂಗಿ ಪುಟ್ಟಿ. ಪುಟ್ಟಿ ಪರದೇಶದ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು, ಹೋದಾಗಿನಿಂದ ಒಮ್ಮೆಯೂ ಬಂದಿರಲಿಲ್ಲ. ಈಗ ಆ ಮನೆಯ ಯಜಮಾನನಿಗೆ ಇನ್ನೊಂದು ದೇಶಕ್ಕೆ ವರ್ಗವಾಗಿತ್ತು. ನಡುವೆ ಇಲ್ಲಿ ಒಂದು ಹಗಲು ಬಿಡುವು. ಅಕ್ಕನ ಗಾಡಿ ಇದೆ, ಕೊಳ್ಳ ನೋಡಬಹುದು ಎಂದು ಹೇಳಿ ಅವರನ್ನು ಒಪ್ಪಿಸಿದವಳು ಪುಟ್ಟಿಯೇ. ಮುಂದಿನ ದೇಶಕ್ಕೆ ಬರುವುದೂ ಬಿಡುವುದೂ ನಿನ್ನಿಷ್ಟ ಎಂದು ಮನೆಯೊಡತಿ ಅವಳಿಗೆ ಹೇಳಿದ್ದಳು.

ರಿವರ್ಸಕ್ಕ ಹಿಡಿದುಕೊಂಡದ್ದು ಆ ಮಾತನ್ನೇ. ಪುಟ್ಟಿ ಇಲ್ಲೇ ಉಳಿಯಬೇಕು. ಅಮ್ಮನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಹಗಲು ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಮಗಳ ಹೆರಿಗೆಗೆ ಅಂತ ಮುಂದಿನ ವಾರ ಹೊರಡುವವಳಿದ್ದಳು. ಆಮೇಲೆ ಯಾರು? ಫೋನಿನಲ್ಲಿ ಕೇಳಿದಾಗ ಪುಟ್ಟಿ, "ಬಂದಾಗ ಮಾತಾಡೋಣ ಅಕ್ಕ" ಅಂದಿದ್ದಳು. ರಿವರ್ಸಕ್ಕ ಅದನ್ನು ಹೂಂ ಎಂದೇ ಲೆಕ್ಕ ಹಿಡಿದು, ಅಮ್ಮನಿಗೂ ಹೇಳಿಬಿಟ್ಟಿದ್ದಳು.

ಗಾಜಿನ ಬಾಗಿಲು ತೆರೆದು ಮೊದಲು ಬಂದದ್ದು ಪೆಟ್ಟಿಗೆ ತುಂಬಿದ ತಳ್ಳುಗಾಡಿ, ಅದರ ಹಿಂದೆ ಪುಟ್ಟಿ. ಸೊಂಟದಲ್ಲಿ ವರ್ಷ ತುಂಬದ ಕೂಸು, ಭುಜಕ್ಕೆ ಎರಡು ಚೀಲ, ಅಂಗಿಯ ತುದಿ ಹಿಡಿದುಕೊಂಡ ದೊಡ್ಡ ಹುಡುಗ. ಯಜಮಾನ, ಒಡತಿ ಇಬ್ಬರೂ ಫೋನಿನಲ್ಲಿ ಮಾತಾಡುತ್ತ ಹಿಂದಿನಿಂದ ಬಂದರು. ರಿವರ್ಸಕ್ಕ ತಬ್ಬಿಕೊಳ್ಳಲು ಮುಂದೆ ಬಂದಳು.

"ಕೈ ಖಾಲಿ ಇಲ್ಲ ಅಕ್ಕ," ಎಂದು ಪುಟ್ಟಿ ನಕ್ಕಳು. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಕೈಯಿರಲಿಲ್ಲ. ಹೊಸ ಮುಖ ಕಂಡು ಕೂಸು ಕಿರುಚಿತು. ರಿವರ್ಸಕ್ಕ ತಂಗಿಯ ಬದಲು ಪೆಟ್ಟಿಗೆಗಳನ್ನು ಎತ್ತಿಕೊಂಡಳು.

ಮುಂದಿನ ಸೀಟಿಗೆ ಅವಳು ಒಗೆದ ಕವರು ಹಾಕಿ ಪುಟ್ಟಿಗೆಂದು ಕಾದಿರಿಸಿದ್ದಳು. "ಹಿಂದೆ ಕೂತ್ರೆ ನನಗೆ ತಲೆ ಸುತ್ತುತ್ತೆ," ಎಂದು ಯಜಮಾನ ಅಲ್ಲಿ ಕೂತ. ಪುಟ್ಟಿ ಕೊನೆಯ ಸಾಲಿನಲ್ಲಿ ಎರಡು ಮಕ್ಕಳ ನಡುವೆ ತೂರಿಕೊಂಡಳು. ಕನ್ನಡಿಯಲ್ಲಿ ರಿವರ್ಸಕ್ಕನಿಗೆ ಕಾಣುತ್ತಿದ್ದದ್ದು ತಂಗಿಯ ಹಣೆಯಷ್ಟೇ. ಆ ಮನೆಯವರು ಆಡುತ್ತಿದ್ದದ್ದು ಇಂಗ್ಲಿಷು, ಅಕ್ಕತಂಗಿಯರ ಮಾತು ಅವರಿಗೆ ತಿಳಿಯುವಂಥದ್ದಲ್ಲ, ಆದ್ದರಿಂದ ದಾರಿಯುದ್ದಕ್ಕೂ ಮಾತಾಡಬಹುದು ಎಂದು ಅವಳು ಎಣಿಸಿದ್ದಳು. ಗೋದಾಮುಗಳ ಸಾಲು ಕಳೆಯಿತು, ಟೋಲ್ ಗೇಟು ಕಳೆಯಿತು.

"ಅಮ್ಮ ನಿನ್ನೆಯಿಂದ ನಿನ್ನದೇ ಜಪ ಕಣೇ," ಎಂದಳು ಕನ್ನಡಿಗೆ.

"ಮಾತು ಸ್ಪಷ್ಟವಾಗಿ ಬರುತ್ತಾ ಈಗ?"

"ಮಾತಿಗೇನು ಕಮ್ಮಿ, ನಾಲಿಗೆಗೆ ಲಕ್ವ ಹೊಡೀಲಿಲ್ಲ ನೋಡು. ನೀನು..."

"ಒರೆಸೋ ಬಟ್ಟೆ ಎಲ್ಲಿ?" ಎಂದಳು ಒಡತಿ. ಪುಟ್ಟಿ ಚೀಲ ಕೆದಕಿದಳು. ಆಮೇಲೆ ನೀರಿನ ಬಾಟಲಿ, ಆಮೇಲೆ ಹುಡುಗನಿಗೆ ಕಥೆ. ಬಯಲು ಮುಗಿದು ತಿರುವುಗಳು ಶುರುವಾದಾಗ ಹುಡುಗ ಪುಟ್ಟಿಯ ಮಡಿಲಿಗೇ ಕಕ್ಕಿದ. ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ರಿವರ್ಸಕ್ಕ ನಲ್ಲಿಯ ಹತ್ತಿರ ಓಡಿದಳು. ಅಷ್ಟರಲ್ಲಿ ಪುಟ್ಟಿ ಅಲ್ಲಿ ಹುಡುಗನ ಅಂಗಿ ಹಿಂಡುತ್ತ ನಿಂತಿದ್ದಳು, ಅವಳ ಅಂಗಿ ಇನ್ನೂ ಒದ್ದೆಯಾಗಿಯೇ ಇತ್ತು. ಮಾತು ಶುರುವಾಗುವ ಮೊದಲೇ ಒಡತಿ ಕಿಟಕಿಯಿಂದ ಕೈ ಬೀಸಿ ಅವಳನ್ನು ಕರೆದಳು.

ಕೊಳ್ಳದ ಪಾರ್ಕಿಂಗಿನಲ್ಲಿ ಇಳಿಯುವಾಗ ಕೂಸು ನಿದ್ದೆ ಹೋಗಿತ್ತು.

"ಎಬ್ಬಿಸಬೇಡ, ನೀನು ಇಲ್ಲೇ ಇರು," ಎಂದಳು ಒಡತಿ ಮೆಲ್ಲಗೆ. "ಹೇಗೂ ನಿಮ್ಮಕ್ಕ ಇದಾರಲ್ಲ, ಆರಾಮಾಗಿ ಮಾತಾಡ್ಕೊಳ್ಳಿ." ದೊಡ್ಡ ಉಪಕಾರ ಮಾಡಿದವಳ ಹಾಗೆ ಮುಗುಳ್ನಕ್ಕಳು. ಗಂಡ, ಹೆಂಡತಿ, ಮಗ ಮೆಟ್ಟಿಲಿಳಿದು ಮರೆಯಾದರು.

ರಿವರ್ಸಕ್ಕ ಹಿಂದಿನ ಸಾಲಿಗೆ ಹೋಗಿ ತಂಗಿಯ ಪಕ್ಕ ಕೂತಳು.

"ಅಕ್ಕ, ನೀನು ಹೋಗಿ ಒಂದು ಸಲ ನೋಡ್ಕೊಂಡು ಬಾ. ಪೆಟ್ಟಿಗೆ ನಾನು ಕಾಯ್ತೀನಿ."

"ಕೊಳ್ಳ ಎಲ್ಲಿ ಓಡಿಹೋಗುತ್ತೆ? ನಿನ್ನ ನೋಡ್ತೀನಿ ಸುಮ್ನಿರು."

"ನೋಡು. ನೀನಂತೂ ದಪ್ಪಗಾಗಿದೀಯ."

"ಕೂತು ಕೂತು. ನೀನು ಯಾಕೆ ಹೀಗೆ ಒಣಕಲು ಕಡ್ಡಿಯಾಗಿದೀಯ?"

"ನಿಂತು ನಿಂತು."

ಕೂಸು ಏಳಬಾರದೆಂದು ಇಬ್ಬರೂ ಬಾಯಿ ಮುಚ್ಚಿಕೊಂಡು ಮೈಯೆಲ್ಲ ಕುಲುಕುವಂತೆ ನಕ್ಕರು. ಆ ದಿನ ಅವರು ಜೊತೆಗೆ ನಕ್ಕಿದ್ದು ಅದೊಂದೇ ಸಲ.

"ನಿನಗೆ ಮಂಚ ಹಾಕಿಸಿದೀನಿ ಕಣೇ," ಎಂದಳು ರಿವರ್ಸಕ್ಕ. "ಒಳಗಿನ ಕೋಣೇಲಿ, ಅಮ್ಮನ ಪಕ್ಕಕ್ಕೆ. ಹೊಸ ಹಾಸಿಗೆ."

"ಅಮ್ಮನ ಪಕ್ಕಕ್ಕೇ?"

"ರಾತ್ರಿ ಮಗ್ಗುಲು ಬದಲಿಸಬೇಕಲ್ಲ. ಇಲ್ಲಾಂದ್ರೆ ಬೆನ್ನು ಹುಣ್ಣಾಗುತ್ತೆ."

"ನೀನೆಲ್ಲಿ ಮಲಗ್ತೀಯ?"

"ನಾನು ಹೊರಗಿನ ಕೋಣೇಲಿ. ನಿದ್ದೆಗೆಟ್ಟರೆ ಗಾಡಿ ಓಡಿಸೋದು ಹೇಗೆ?"

"ಭಾವನೂ ಇದನ್ನೇ ಹೇಳ್ತಿದ್ರು," ಎಂದಳು ಪುಟ್ಟಿ. "ನಿಮ್ಮತ್ತೆ ಮಲಗಿದಲ್ಲೇ ಆಗಿದ್ದಾಗ. ಇದೇ ಮಾತು, ನಿದ್ದೆಗೆಟ್ಟರೆ ಗಾಡಿ ಓಡಿಸೋದು ಹೇಗೆ ಅಂತ."

"ಅವರು ಗಂಡಸರು, ಹೇಳಿದ್ರು. ನಾನೇನು ಸುಖಕ್ಕೆ ಹೇಳ್ತಿದೀನಾ? ನಾನು ದುಡೀದೆ ಮನೆ ನಡೆಯುತ್ತಾ?"

"ಇಲ್ಲ. ಅದಕ್ಕೆ ನಿನಗೊಬ್ಬಳು ಹೆಂಡತಿ ಬೇಕು."

"ಥೂ, ಬಾಯಿಗೆ ಬಂದ ಹಾಗೆ ಮಾತಾಡಬೇಡ."

"ಅಣ್ಣನ್ನ ಕೇಳಿದ್ಯಾ?"

ಅಣ್ಣ ಇದ್ದದ್ದು ಅದೇ ಊರಿನಲ್ಲಿ, ಮೂರು ಬೀದಿ ಆಚೆ. ವಾರಕ್ಕೊಮ್ಮೆ ಹಣ್ಣು ಹಿಡಿದುಕೊಂಡು ಬಂದು, ಅಮ್ಮನ ಕಾಲ ಬಳಿ ಕೂತು ಕಣ್ಣೀರು ಹಾಕಿ ಹೋಗುತ್ತಿದ್ದ. ಅವನನ್ನು ಕೇಳಬಹುದು ಎಂಬುದು ರಿವರ್ಸಕ್ಕನಿಗೆ ಹೊಳೆದೇ ಇರಲಿಲ್ಲ. ಸಮುದ್ರ ದಾಟಿದ ತಂಗಿಯನ್ನು ವಾಪಸ್ ಕರೆಸುವ ಯೋಚನೆ ಬಂದಿತ್ತು, ಮೂರು ಬೀದಿ ದಾಟುವ ಯೋಚನೆ ಬಂದಿರಲಿಲ್ಲ.

"ಅವನಿಗೆ ಕೆಲಸ ಇದೆಯಲ್ಲ," ಎಂದಳು.

"ನನಗಿಲ್ವಾ?"

ಕೂಸು ಮಿಸುಕಿತು. ಪುಟ್ಟಿ ತೊಡೆ ಅಲುಗಿಸಿ ಅದನ್ನು ಮತ್ತೆ ಮಲಗಿಸಿದಳು. ಅವಳ ಬೆರಳುಗಳ ಸಂದಿ ಸೋಪಿನ ನೀರಿಗೆ ಬಿರಿದು ಕೆಂಪಾಗಿತ್ತು.

"ಅಲ್ಲಿ ನಾನು ಕೆಲಸದವಳು ಅಂತ ಎಲ್ಲರಿಗೂ ಗೊತ್ತು ಅಕ್ಕ. ವಾರಕ್ಕೊಂದು ರಜಾ ಅಂತ ಮಾತಾಗಿದೆ. ಇವರು ಕೊಡಲ್ಲ. ಆದ್ರೆ ಕೊಡ್ತಾ ಇಲ್ಲ ಅಂತ ಅವರಿಗೂ ಗೊತ್ತಿದೆ, ನನ್ನ ಮುಖ ನೋಡೋಕೆ ಹಿಂಜರೀತಾರೆ. ನಮ್ಮನೇಲಿ ನಾನು ರಜಾ ಕೇಳಿದ್ರೆ ನೀನು ನಗ್ತೀಯ."

"ನಗಲ್ಲ ಕಣೇ."

"ಅಳ್ತೀಯ ಹಾಗಾದ್ರೆ. ಅದು ಇನ್ನೂ ಕಷ್ಟ." ಪುಟ್ಟಿ ಕಿಟಕಿಯಾಚೆ ನೋಡಿದಳು. "ಬೈಯೋದಿದ್ರೆ ಬೈದುಬಿಡು, ಬೈಸ್ಕೊಳ್ತೀನಿ. ಆದ್ರೆ ನಾನು ಬರಲ್ಲ."

ರಿವರ್ಸಕ್ಕ ಬೈದಳು. "ಕಂಡೋರ ಕೂಸಿನ ಕುಂಡೆ ತೊಳೆಯೋದು ಚೆಂದ, ಹೆತ್ತವಳು ಮಾತ್ರ ನಾರುತ್ತಾಳೆ ಅಲ್ವಾ ನಿನಗೆ?" ಎಂದಳು. ಅಂದದ್ದೇ ತಡ, ಆ ಮಾತನ್ನು ವಾಪಸ್ ನುಂಗುವಂತಿದ್ದರೆ ಅನ್ನಿಸಿತು. ಪುಟ್ಟಿ ಕೂಸಿನ ಗಲ್ಲದ ಜೊಲ್ಲು ಒರೆಸಿದಳು. ಅದೇ ಬಟ್ಟೆಯಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು.

ಮೆಟ್ಟಿಲ ಮೇಲೆ ಮೊದಲು ಕಂಡದ್ದು ಹುಡುಗನ ಟೋಪಿ. "ಬಾಯಿ ಕಟ್ಟಿಹೋಯ್ತು!" ಎಂದಳು ಒಡತಿ ಏದುಸಿರು ಬಿಡುತ್ತ. ರಿವರ್ಸಕ್ಕ ಹೂಂಗುಟ್ಟಿ ತನ್ನ ಸೀಟಿಗೆ ಹೋದಳು. ಮರಳುವ ದಾರಿಯಲ್ಲಿ ಕನ್ನಡಿಯ ಕಡೆ ನೋಡಲಿಲ್ಲ.

ನಿಲ್ದಾಣದಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಒಡತಿ ಅವಳ ಕೈ ಹಿಡಿದು, "ನಿಮ್ಮ ತಂಗಿ ನಮಗೆ ಮನೆಯವರ ಹಾಗೇ," ಅಂದಳು. ಪುಟ್ಟಿ ಆಗ ಕೂಸನ್ನು ಒಡತಿಯ ತೋಳಿಗೆ ದಾಟಿಸಿದಳು. ಕೇಳಲಿಲ್ಲ, ಸುಮ್ಮನೆ ಕೊಟ್ಟಳು. ಅಕ್ಕನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಅವಳ ಬಟ್ಟೆಯಲ್ಲಿ ಹಾಲಿನ, ಹುಳಿಯ ವಾಸನೆ ಇತ್ತು. ಕೂಸು ಕಿರುಚುವವರೆಗೂ ಬಿಡಲಿಲ್ಲ.

"ಅಮ್ಮನಿಗೆ ಏನಂತ ಹೇಳ್ಲಿ?"

"ನಾನೇ ಬರಲ್ಲ ಅಂದೆ ಅಂತ ಹೇಳು. ಅವರು ಬಿಡಲಿಲ್ಲ ಅಂತ ಮಾತ್ರ ಹೇಳಬೇಡ."

ಹಾಗೆಯೇ ಹೇಳಿದಳು ರಿವರ್ಸಕ್ಕ. ಅಮ್ಮ ಸೂರು ನೋಡುತ್ತ ಮಲಗಿದ್ದವಳು, "ಸರಿ ಬಿಡು," ಎಂದು ಮುಖ ಗೋಡೆಗೆ ತಿರುಗಿಸಿಕೊಂಡಳು. ರಿವರ್ಸಕ್ಕ ಅಡುಗೆಮನೆಗೆ ಹೋಗಿ ಅಣ್ಣನಿಗೆ ಫೋನು ಹಚ್ಚಿದಳು. ಮುಂದಿನ ವಾರದಿಂದ ಹಗಲಲ್ಲಿ ಅಮ್ಮನ ಹತ್ತಿರ ಇರಬೇಕು, ಅರ್ಧ ದಿನ ನಾನು, ಅರ್ಧ ದಿನ ನೀನು ಎಂದಳು. ಆ ಕಡೆ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು.

"ತಡಿ," ಎಂದ ಅಣ್ಣ. "ನಿಮ್ಮತ್ತಿಗೇನ ಕೇಳಿ ಹೇಳ್ತೀನಿ."

"ಅತ್ತಿಗೇನ ಕೇಳಬೇಡ. ನಾನು ಕೇಳಿದ್ದು ನಿನ್ನ."

"ನಾನು ಗಂಡಸು, ಅಮ್ಮನ್ನ ಹೇಗೆ ನೋಡ್ಕೊಳ್ಳಲಿ? ನೀನೂ ಚೆನ್ನಾಗಿ ಹೇಳ್ತೀಯ."

ಪಾತ್ರೆಯ ಸದ್ದು ನಿಂತಿತು. ಅತ್ತಿಗೆ ಕೈ ನಿಲ್ಲಿಸಿ ಕೇಳಿಸಿಕೊಳ್ಳುತ್ತಿರಬೇಕು. ರಿವರ್ಸಕ್ಕ ಫೋನು ಇಟ್ಟಳು. ಅತ್ತಿಗೆಯನ್ನೂ ಇದಕ್ಕೆ ಎಳೆದು ತರುವುದು ಬೇಡವೆನಿಸಿತು.

ಮರುದಿನ ಬೆಳಿಗ್ಗೆ ಸೂಪರ್‌ವೈಸರನ ಮುಂದೆ ಹೋಗಿ ನಿಂತಳು. ಕೊಳ್ಳದ ರೂಟು ಬೇಡ, ಊರೊಳಗಿನ ಸಣ್ಣ ಟ್ರಿಪ್ಪು ಕೊಡಿ, ನಡುನಡುವೆ ಮನೆಗೆ ಹೋಗಿ ಅಮ್ಮನನ್ನು ನೋಡಿಬರುವಂತಿರಬೇಕು ಅಂದಳು. ಅವನು ಚಹಾದ ಲೋಟ ಕೆಳಗಿಟ್ಟ.

"ಊರೊಳಗೆ ಏನು ಗಿಟ್ಟುತ್ತಮ್ಮ? ನಿನ್ನ ಜಾಗಕ್ಕೆ ಹತ್ತು ಜನ ಕಾದಿದಾರೆ. ಒಂದು ಸಲ ಬಿಟ್ರೆ ಮತ್ತೆ ಕೊಡೋಕಾಗಲ್ಲ."

"ಗೊತ್ತು ಸಾರ್."

"ಯಾಕೆ, ಮನೇಲಿ ನೋಡ್ಕೊಳ್ಳೋಕೆ ಬೇರೆ ಯಾರೂ ಇಲ್ವಾ?"

ರಿವರ್ಸಕ್ಕ ಕೊಳ್ಳದ ರೂಟಿನ ಪಾಸನ್ನು ಅವನ ಮೇಜಿನ ಮೇಲಿಟ್ಟಳು.

"ಇದಾರೆ ಸಾರ್," ಎಂದಳು. "ಅವರು ಯಾರೂ ನೋಡ್ಕೊಳ್ಳಲ್ಲ."