ಪಟ್ಟಿಯಲ್ಲಿ ಒಬ್ಬಳೇ ಕವಿತಾ

ಮೊನ್ನೆ ಸಹಕಾರನಗರದ ಸ್ಟೇಷನರಿ ಅಂಗಡಿಯಲ್ಲಿ ಹಸಿರು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಯಲಹಂಕದ ಕೋಚಿಂಗ್ ಸೆಂಟರಿನಲ್ಲಿ ಜಾವಾ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ಮೇಷ್ಟ್ರು ನೆನಪಾದರು. ನೆನಪಾಗಲೆಂದು ನಾನೇನೂ ಬಯಸಿರಲಿಲ್ಲ.

ಪತ್ರಿಕೆಯಲ್ಲಿ ಅಂಕಿ-ಅಂಶ ಜಾಲಾಡುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ಅವರ ಭಾನುವಾರದ ತರಗತಿಗೆ ಸೇರಿದ್ದೆ. ಉಳಿದವರೆಲ್ಲ ನೌಕರಿಗಾಗಿ ಬಂದವರು. ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಿಡುವ ಮೂರು ಬಗೆಗೆ ಮೇಷ್ಟ್ರು ಬೋರ್ಡಿನ ಮೇಲೆ ಮೂರು ಚೌಕ ಬರೆಯುತ್ತಿದ್ದರು. ಲಿಸ್ಟ್ ಎಂದರೆ ಸರತಿ ಸಾಲು, ಬಂದವರೆಲ್ಲ ಬಂದ ಕ್ರಮದಲ್ಲೇ ನಿಲ್ಲುತ್ತಾರೆ. ಸೆಟ್‌ನಲ್ಲಿ ಒಮ್ಮೆ ಬಂದದ್ದು ಮತ್ತೆ ಬರುವಂತಿಲ್ಲ. ಮ್ಯಾಪ್ ಎಂದರೆ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡು, ಒಂದು ಟೋಕನ್‌ಗೆ ಒಂದೇ ಜೋಡಿ. ಆ ಟೋಕನ್ನೇ ಕೀ. ವರ್ಷಗಟ್ಟಲೆ ಒಪ್ಪಿಸಿ ಒಪ್ಪಿಸಿ ನುಣುಪಾಗಿದ್ದ ಪಾಠ… ಅವರಿಗೆ ಅರ್ಥವಾಗಿತ್ತೇ ಎಂಬುದು ಬೇರೆ ಮಾತು.

ಕೋರ್ಸಿನ ಕೊನೆಯ ವಾರಗಳಲ್ಲಿ ಒಂದು ಕಂಪನಿ ಸಂದರ್ಶನಕ್ಕೆ ಹೆಸರುಗಳನ್ನು ಕೇಳಿತು. ಮೇಷ್ಟ್ರು ನಮ್ಮೆಲ್ಲರ ವಿವರವನ್ನು ಮ್ಯಾಪ್‌ಗೆ ತುಂಬಿ, ಅರವತ್ತಕ್ಕಿಂತ ಹೆಚ್ಚು ಅಂಕದವರನ್ನು ಒಂದೇ ಸಾಲಿನ ಕ್ವೆರಿಯಲ್ಲಿ ಹೆಕ್ಕಿ, ಪರದೆಯ ಮೇಲೆ ತೋರಿಸಿ ಬೀಗಿದರು. ಕೀ ಆಗಿ ಕೊಟ್ಟದ್ದು ಹೆಸರನ್ನು. ತರಗತಿಯಲ್ಲಿ ಇಬ್ಬರು ಕವಿತಾ ಇದ್ದರು. ಎರಡನೆಯವಳ ವಿವರ ಮೊದಲನೆಯವಳ ವಿವರದ ಮೇಲೆ ಕೂತು ಅದನ್ನು ಅಳಿಸಿಹಾಕಿತು.

ಮೊದಲನೆಯವಳು ಬಾಗಲಕೋಟೆಯವಳು. ವಾರವಿಡೀ ಅಬ್ಬಿಗೆರೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿದು ಭಾನುವಾರ ಪಾಠಕ್ಕೆ ಬರುತ್ತಿದ್ದಳು. ಆ ಹೊಲಿಗೆ ಯಂತ್ರದಿಂದ ಏಳಲು ಅವಳಿಗಿದ್ದದ್ದು ಈ ಸಂದರ್ಶನವೊಂದೇ. ಅಂಕವೂ ಅವಳದೇ ಹೆಚ್ಚು.

“ಸರ್, ನಾಳೆ ಇಂಟರ್‌ವ್ಯೂ ಐತಿ, ನನಗ ಫೋನೇ ಬಂದಿಲ್ರಿ.”

“ಕಣ್ಣು ಕಾಣಲ್ವೇನಮ್ಮಾ? ಕವಿತಾ ಅಂತ ಇದ್ಯಲ್ಲ!”

“ಅದು ಆಕಿ ನಂಬರ್ ಐತ್ರಿ. ನಾನೂ ಕವಿತಾನ ಅದೀನ್ರಿ.”

“ಹಂಗಾದ್ರೆ ಬೇರೆ ಹೆಸರಿಡು ಅಂತ ನಿಮ್ಮಪ್ಪಂಗೆ ಹೇಳ್ಬೇಕಿತ್ತು. ಲಿಸ್ಟ್ ಕಳ್ಸಾಯ್ತು, ಹೋಗಿ ಕೂತ್ಕೊ.”

ತರಗತಿ ನಕ್ಕಿತು. ನಾನೂ ನಕ್ಕೆ. ಒಂದೇ ಹೆಸರಿನ ಇಬ್ಬರಿದ್ದರೆ ತಂದೆಯ ಹೆಸರು, ಊರು ನೋಡದೆ ಸುದ್ದಿ ಬಿಡಬಾರದೆಂದು ಕೆಲಸಕ್ಕೆ ಸೇರಿದ ವಾರವೇ ಕಲಿತಿದ್ದವನು ನಾನು. ಹೆಸರಿನ ಬದಲು ಫೋನ್ ನಂಬರನ್ನು ಕೀ ಮಾಡಿ ಪ್ರೋಗ್ರಾಮನ್ನು ಇನ್ನೊಮ್ಮೆ ಓಡಿಸಲು ಎರಡು ನಿಮಿಷ ಸಾಕಿತ್ತು. ಮೇಷ್ಟ್ರು ಮಾರ್ಕರಿಗೆ ಮುಚ್ಚಳ ಹಾಕಿ ಟೀ ಕುಡಿಯಲು ಹೋದರು. ಮುಂದಿನ ಭಾನುವಾರ ಅವಳು ಬರಲಿಲ್ಲ…

ಕಳೆದ ವರ್ಷ ಮೇಷ್ಟ್ರು ತೀರಿಕೊಂಡಾಗ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನ ತುಂಬ ಕೈಮುಗಿದ ಚಿತ್ರಗಳು. ‘ಇಂಥ ಗುರು ಇನ್ನು ಸಿಗಲಾರರು’ ಎಂದು ಒಬ್ಬ ಬರೆದಿದ್ದ. ಸಿಗದಿದ್ದರೆ ಒಳ್ಳೆಯದು ಎಂದುಕೊಂಡೆ.

ಮೊನ್ನೆ ಮಾರ್ಕರನ್ನು ಅಂಗಡಿಯಲ್ಲೇ ಬಿಟ್ಟು ಬಂದು, ಆ ಗುಂಪಿನಲ್ಲಿ ಬಾಗಲಕೋಟೆಯ ಕವಿತಾಳ ನಂಬರು ಹುಡುಕಿದೆ. ಸಿಕ್ಕಿದ್ದು ಒಬ್ಬಳೇ ಕವಿತಾ, ಎರಡನೆಯವಳು. ಗುಂಪನ್ನೂ ಮೇಷ್ಟ್ರು ಅದೇ ಮ್ಯಾಪ್‌ನಿಂದ ಮಾಡಿದ್ದರು.